ಒಂದು ಬಟ್ಟಲು ಹೆಪ್ಪು

ಹೊಳೆಯ ಆಚೆ ದಂಡೆಗೆ ಒಂದು ಆಶ್ರಮ. ಆಶ್ರಮದಲ್ಲಿ ಔಷಧಿ ಕೊಡುವ ಅಡಿವೆಪ್ಪಜ್ಜ. ಅಜ್ಜನ ಅಡುಗೆಮನೆಯ ಮೂಲೆಗೆ ಒಂದು ಕಪ್ಪು ಭರಣಿ, ಭರಣಿಯಲ್ಲಿ ಸಿರ್ಕಾ. ನನ್ನ ಕಥೆಗೆ ಇಷ್ಟು ಸಾಮಾನು ಸಾಕು.

ಸಿರ್ಕಾ ಅಂದರೆ ಪೇಟೆಯವರು ವಿನೆಗರ್ ಅನ್ನುತ್ತಾರಲ್ಲ, ಅದೇ ಹುಳಿ. ಕಬ್ಬಿನ ಹಾಲನ್ನು ಗಡಿಗೆಗೆ ಸುರಿದು, ಹಳೆಯ ಸಿರ್ಕಾ ಒಂದು ಬಟ್ಟಲು ಹೆಪ್ಪು ಹಾಕಿ, ಬಾಯಿಗೆ ತೆಳು ಅರಿವೆ ಕಟ್ಟಿ ಕಾದರೆ ಅದು ತನ್ನಷ್ಟಕ್ಕೆ ಆಗುತ್ತದೆ. ಕಾಯುವುದಷ್ಟೇ ನಮ್ಮ ಕೆಲಸ. ಅದು ಎಷ್ಟು ಕಷ್ಟ ಅನ್ನುವುದನ್ನು ಹೇಳಲಿಕ್ಕೇ ನಾನು ಕೂತಿದ್ದೇನೆ.

ಆ ಆಶ್ರಮಕ್ಕೆ ಒಂದು ಕಟ್ಟಳೆ ಇತ್ತು. ಅಲ್ಲಿಯ ಒಲೆಯನ್ನೂ ಔಷಧಿ ಪೆಟ್ಟಿಗೆಯನ್ನೂ ವಹಿಸಿಕೊಳ್ಳುವವರು ಮೊದಲು ಒಂದು ಗಡಿಗೆ ಸಿರ್ಕಾ ಮಾಡಿ ತೋರಿಸಬೇಕು. ಅದಕ್ಕೆ ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು, ಎರಡು ಕೈಯಲ್ಲಿ ಖಾಲಿ ಬಟ್ಟಲು ಹಿಡಿದು ಹೆಪ್ಪು ಬೇಡಬೇಕು. ಗುರು ಒಳಗಿನಿಂದ ನೀಡಬೇಕು. ಗುರು ತಾನೇ ಮತ್ತೆ ಗಡಿಗೆ ಇಡುವಂತಿಲ್ಲ. ಭರಣಿ ತುಂಬಬೇಕಾದದ್ದು ಶಿಷ್ಯರ ಗಡಿಗೆಯಿಂದ.

ಹಿಂದೆ ಬೇಡಿದವರು ಹಲವರು. ಮಾಡಿ ತೋರಿಸಿದವರು ಬಹಳ ವರ್ಷದಿಂದ ಯಾರೂ ಇರಲಿಲ್ಲ. ಭರಣಿ ತಳ ಕಾಣುತ್ತಿತ್ತು.

ಕಾಶವ್ವ ಆ ಹೊಸ್ತಿಲಿಗೆ ಬಂದಾಗ ಅವಳಿಗೆ ನಲವತ್ತು ದಾಟಿತ್ತು. ಗಂಡ ಕುಡಿದು ಕುಡಿದು ಸತ್ತಿದ್ದ. ಅತ್ತು ಮೂಲೆ ಹಿಡಿಯುವ ಹೆಣ್ಣಲ್ಲ ಅವಳು, ಒನಕೆ ಹಿಡಿದಳು. ಊರ ಹೆಂಗಸರನ್ನು ಕಟ್ಟಿಕೊಂಡು ಕಳ್ಳಭಟ್ಟಿ ಕಾಸುವವರ ಗಡಿಗೆಗಳನ್ನು ಒಂದೂ ಬಿಡದೆ ಒಡೆದಳು. ಊರಲ್ಲಿ ಹೆಂಡದ ವಾಸನೆ ಅಡಗಿದ ಮೇಲೆ ಒನಕೆಯನ್ನು ಗೆಳತಿ ಸಂಗವ್ವನ ಕೈಗೆ ಕೊಟ್ಟು, ಔಷಧಿ ವಿದ್ಯೆ ಕಲಿಯುತ್ತೇನೆಂದು ದೋಣಿ ಹತ್ತಿ ಆಶ್ರಮಕ್ಕೆ ಬಂದಿದ್ದಳು.

ನಾಲ್ಕು ವರ್ಷ ಬೇರು ಕುಟ್ಟಿದಳು, ಎಣ್ಣೆ ಕಾಸಿದಳು, ಬಂದವರ ಗಾಯ ತೊಳೆದಳು. ಆ ಒಲೆ ತನ್ನದಾಗಬೇಕು, ಆ ಕೆಲಸದಲ್ಲೇ ತನ್ನ ಉಳಿದ ಆಯುಷ್ಯ ಹೋಗಬೇಕು ಅನ್ನುವ ಆಸೆ ಅವಳಲ್ಲಿ ಬಲವಾಯಿತು. ಬೇರೆ ಆಸೆ ಅವಳಿಗಿರಲಿಲ್ಲ.

ದೀಪಾವಳಿ ಮುಗಿದ ವಾರ, ಕಬ್ಬು ಅರೆಯುವ ಗಾಣಗಳು ಶುರುವಾದ ದಿನ, ಖಾಲಿ ಬಟ್ಟಲು ಹಿಡಿದು ಹೊಸ್ತಿಲ ಹೊರಗೆ ನಿಂತಳು.

"ಒಂದು ಬಟ್ಟಲ ಹೆಪ್ಪು ನೀಡ್ರಿ, ಅಜ್ಜಾರ."

ಅಜ್ಜ ಒಳಗಿನಿಂದ ಕೇಳಿದ: "ಸಿರ್ಕಾದ ಬಗ್ಗೆ ನಿನಗೇನ ಗೊತ್ತೈತಿ?"

ಇದನ್ನೇ ಕಾಯುತ್ತಿದ್ದಳು ಕಾಶವ್ವ. ಯಾರ್ಯಾರನ್ನೋ ಕೇಳಿ, ಏನೇನೋ ಓದಿ, ಇಪ್ಪತ್ತೊಂದು ಗುಣ ಬಾಯಿಪಾಠ ಮಾಡಿಟ್ಟಿದ್ದಳು. ಒಂದೇ ಉಸಿರಿಗೆ ಶುರುಮಾಡಿದಳು.

"ಎಣ್ಣಿ ಊಟ ಉಂಡಾಗ ಒಂದ ಚಮಚ ಸಿರ್ಕಾ ತಂಬಿಗಿ ನೀರಾಗ ಹಾಕಿ ಕುಡದ್ರ ಹೊಟ್ಟಿ ಹಗುರ ಆಗತೈತಂತ್ರಿ. ಉಳ್ಳಾಗಡ್ಡಿ ನೆನಸಿದ್ರ ರೊಟ್ಟಿ ಜೋಡಿ ರುಚಿ. ಸೊಪ್ಪು ತೊಳ್ಯಾಕ ಬೇಕು, ಉಪ್ಪಿನಕಾಯಿ ಕೆಡದಂಗ ಇಡಾಕ ಬೇಕು. ಉಪ್ಪು ಕೂಡಿಸಿ ತಿಕ್ಕಿದ್ರ ತಾಂಬ್ರದ ಕೊಡ ಥಳಥಳ. ನೀರ ಕಾಸೋ ಬೋಗಾಣಿಗೆ ಹತ್ತಿದ ಬಿಳೇ ಸುಣ್ಣ ಬಿಡತೈತಿ. ನೇರಲ ಹಣ್ಣಿನ ಸಿರ್ಕಾ ಸಕ್ಕರಿ ಬ್ಯಾನಿಯವರು ಕುಡೀತಾರ. ಸಮುದ್ರದ ಕಡೆ ತೆಂಗಿನ ಕಳ್ಳಿನ ಸಿರ್ಕಾ ಮೀನ ಸಾರಿಗೆ ಹಾಕ್ತಾರ. ಪ್ಯಾಟ್ಯಾಗ ಸೇಬಿನ ಸಿರ್ಕಾ ಕುಡದು ಮೈ ಇಳಸ್ತೀವಿ ಅಂತಾರ..."

ಇಪ್ಪತ್ತೊಂದನೆಯದು ಮುಗಿಯುವಾಗ ಅವಳಿಗೆ ಏದುಸಿರು ಬಂದಿತ್ತು.

"ಇಪ್ಪತ್ತೆರಡನೇದು?" ಅಜ್ಜ ಕೇಳಿದ.

"ಅದು ಗೊತ್ತಿಲ್ರಿ."

ಅಜ್ಜ ಬಾಯಿ ಅಗಲಿಸಿ ತೋರಿಸಿದ. ಒಳಗೆ ಎರಡೇ ಹಲ್ಲು.

"ಸಣ್ಣಾವ ಇದ್ದಾಗ ನೀರ ಕೂಡಿಸದ ಹಂಗ ಕುಡೀತಿದ್ನಿ. ಹಲ್ಲ ತಿಂದ ಬಿಡತೈತಿ, ಗಂಟಲ ಸುಡತೈತಿ. ಸಕ್ಕರಿ ಬ್ಯಾನಿಯವ್ರಿಗೆ ಡಾಕ್ಟರ ಗುಳಿಗಿ ಬಿಡಬ್ಯಾಡ್ರಿ ಅಂತ ಹೇಳಿ ಕೊಡಬೇಕು. ಗುಣ ಹೇಳಾವ್ರು ಇದನ್ನ ಹೇಳಂಗಿಲ್ಲ."

ಕಾಶವ್ವನ ಮುಖ ಸಣ್ಣದಾಯಿತು.

"ಇಪ್ಪತ್ತೊಂದು ಗುಣ ತಂದಿ," ಅಂದ ಅಜ್ಜ, ಅವಳ ಬಟ್ಟಲಿಗೆ ಹೆಪ್ಪು ಸುರಿಯುತ್ತ. "ಇನ್ನ ಒಂದು ತೊಟ್ಟು ಸಿರ್ಕಾ ತಾ."

ಕಾಶವ್ವ ಗಡಿಗೆ ಇಟ್ಟಳು. ಮೊದಲ ವಾರ ಕಬ್ಬಿನ ಹಾಲು ನೊರೆ ಎದ್ದು ಗುಳುಗುಳು ಸದ್ದು ಮಾಡಿತು. ಅವಳಿಗೆ ಖುಷಿಯೋ ಖುಷಿ. ದಿನಕ್ಕೆ ಹತ್ತು ಸಲ ಅರಿವೆಗೆ ಕಿವಿ ಹಚ್ಚಿ ಕೇಳಿದಳು.

ಒಂಬತ್ತನೆಯ ದಿನ ಬೆಳಗ್ಗೆ ಅರಿವೆ ಬಿಚ್ಚಿದಳು. ಗಕ್ಕನೆ ಹೆಂಡದ ವಾಸನೆ ಮೂಗಿಗೆ ಹೊಡೆಯಿತು. ಗಂಡನ ಬಾಯಿಯಿಂದ ಹದಿನೆಂಟು ವರ್ಷ ಬಂದ ವಾಸನೆ ಅದೇ. ಗಡಿಗೆ ಎತ್ತಿ ಹೊಳೆಗೆ ಸುರಿದುಬಿಟ್ಟಳು.

ಅಜ್ಜನ ಮುಂದೆ ತಲೆ ತಗ್ಗಿಸಿ ನಿಂತಳು. "ಕೆಟ್ಟು ಹೋತ್ರಿ. ಚೆಲ್ಲಿದ್ನಿ."

"ಎಷ್ಟನೇ ದಿನ?"

"ಒಂಬತ್ತು."

"ಹೂಂ," ಅಂದ ಅಜ್ಜ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದು ಹೋಗಿ ದನಕ್ಕೆ ನೀರು ಕುಡಿಸಿದ.

ಎಳ್ಳ ಅಮಾವಾಸ್ಯೆಯ ಮರುದಿನ ಮತ್ತೆ ಬಟ್ಟಲು ಹಿಡಿದು ನಿಂತಳು. ಈ ಸಲ ಗಡಿಗೆಯನ್ನು ಏಳು ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಲೋಬಾನದ ಹೊಗೆ ಕೊಟ್ಟಿದ್ದಳು. ಗಾಣದ ಮೊದಲ ಹಾಲು ಬೇಡವೆಂದು ನಡುವಿನ ಹಾಲು ತಂದಿದ್ದಳು. ಕೊಳೆ ಎಲ್ಲಿಂದ ಬರುತ್ತದೋ ನೋಡಿಯೇ ಬಿಡುತ್ತೇನೆ ಅನ್ನುವ ಹಟ.

ಹನ್ನೊಂದನೆಯ ದಿನ ಅದೇ ವಾಸನೆ. ಈ ಸಲ ಚೆಲ್ಲಲಿಲ್ಲ, ಗಡಿಗೆಯನ್ನೇ ಕಲ್ಲಿಗೆ ಅಪ್ಪಳಿಸಿದಳು. ಚೂರುಗಳ ನಡುವೆ ಕೂತು ಗಳಗಳ ಅತ್ತಳು.

ಅಜ್ಜ ಬಂದು ನೋಡಿದ. "ಎಷ್ಟನೇ ದಿನ?"

"ಹನ್ನೊಂದು."

"ಭೇಷ್. ಎರಡ ದಿನ ಮುಂದ ಹೋಗೀದಿ."

ಕಾಶವ್ವನಿಗೆ ಸಿಟ್ಟು ನೆತ್ತಿಗೇರಿತು. "ಅಜ್ಜಾರ, ಚ್ಯಾಷ್ಟಿ ಮಾಡಬ್ಯಾಡ್ರಿ. ನನ್ನ ತಪ್ಪೇನು ಅದನ್ನ ಹೇಳ್ರಿ."

ಅಜ್ಜ ಹೊಳೆಯ ಕಡೆ ನೋಡಿದ. ಅಲ್ಲಿ ಅಂಬಿಗರ ದೋಣಿ ಜನರನ್ನು ತುಂಬಿಕೊಂಡು ಬರುತ್ತಿತ್ತು.

"ನಾಕ ವರ್ಷದ ಹಿಂದ ನೀ ಈ ದಂಡಿಗೆ ಹ್ಯಾಂಗ ಬಂದಿ?"

"ದೋಣ್ಯಾಗ್ರಿ."

"ನಡು ಹೊಳ್ಯಾಗ ನೀರ ಕಂಡು ಹೆದರಿಕಿ ಆಗಲಿಲ್ಲೇನ?"

"ಆತ್ರಿ. ಕಣ್ಣ ಮುಚ್ಚಿ ಕೂತಿದ್ನಿ."

"ಇಳದ್ಯೇನ?"

ಕಾಶವ್ವ ಇದೆಂಥ ಪ್ರಶ್ನೆ ಎಂದು ಮುಖ ತಿರುಗಿಸಿ ಚೂರು ಆಯತೊಡಗಿದಳು. ಪಾಪ, ಅಳುವವರಿಗೆ ಒಗಟು ಹಾಕಿದರೆ ಯಾರಿಗೆ ತಾನೇ ಹಿಡಿಸುತ್ತದೆ.

ಮಾಘ ಮಾಸದ ಭಾರತ ಹುಣ್ಣಿಮೆ ಬಂತು. ಗಾಣಗಳು ಆ ವರ್ಷದ ಕೊನೆಯ ಕಬ್ಬು ಅರೆಯುತ್ತಿದ್ದವು. ಕಾಶವ್ವ ಮೂರನೆಯ ಸಲ ಹೊಸ್ತಿಲಿಗೆ ಬಂದಳು.

ಅಜ್ಜ ಭರಣಿಯನ್ನೇ ಎತ್ತಿ ತಂದ. ಅವಳ ಬಟ್ಟಲ ಮೇಲೆ ಪೂರ್ತಿ ಬೋರಲು ಹಾಕಿದ. ಬಟ್ಟಲು ತುಂಬಿತು. ಭರಣಿಯಿಂದ ಕೊನೆಯ ಹನಿ ತೊಟ್ಟಿಕ್ಕಿ ನಿಂತಿತು.

ಕಾಶವ್ವ ಖಾಲಿ ಭರಣಿಯೊಳಗೆ ಇಣುಕಿದಳು. "ಎಲ್ಲಾ ಕೊಟ್ಟ್ರೇನ್ರಿ? ಇದೂ ಹಾಳಾದ್ರ?"

"ಭರಣಿ ತೊಳದಿಡೋಣು."

"ನಿಮ್ಮ ಗುರುಗಳ ಗುರುಗಳ ಕಾಲದ್ದಲ್ರಿ ಇದು!"

"ಹೌದು."

"ಬ್ಯಾಡ್ರಿ ಅಜ್ಜಾರ. ನನ್ನ ಕೈ ನನಗ ಗೊತ್ತೈತಿ. ಆ ವಾಸನಿ ಬಂತಂದ್ರ ನನ್ನ ಕೈ ನನ್ನ ಮಾತ ಕೇಳಂಗಿಲ್ಲ. ಬ್ಯಾರೆ ಯಾರಿಗರ ಕೊಡ್ರಿ."

"ಬ್ಯಾರೆಯವ್ರ ಬಟ್ಟಲ ಹಿಡದು ನಿಂತಿಲ್ಲ," ಅಂದ ಅಜ್ಜ. "ಒಂದ ಮಾತ. ಗಡಿಗಿ ಬಿಟ್ಟು ದೂರ ಹೋಗಬ್ಯಾಡ. ಮೂಗ ಮುಚ್ಚಬ್ಯಾಡ."

ಕಾಶವ್ವ ಗಡಿಗೆಯ ಪಕ್ಕದಲ್ಲೇ ಗೋಣಿ ಹಾಸಿಕೊಂಡಳು. ಜೋಳ ಹಸನು ಮಾಡುವುದು ಅಲ್ಲೇ, ಬೇರು ಕುಟ್ಟುವುದು ಅಲ್ಲೇ. ಒಂಬತ್ತನೆಯ ದಿನ ವಾಸನೆ ಎದ್ದಿತು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಹನ್ನೊಂದನೆಯ ದಿನ ವಾಸನೆ ಇನ್ನೂ ಜೋರಾಯಿತು. ಗಂಡನ ಮುಖ ಕಣ್ಣೆದುರು ಬಂತು. ಕುಡಿಯದಿದ್ದಾಗ ಅವನು ಎಷ್ಟು ಒಳ್ಳೆಯವನಾಗಿದ್ದ ಎಂಬುದೂ ನೆನಪಾಯಿತು. ಅತ್ತಳು. ಆದರೆ ಏಳಲಿಲ್ಲ.

ಹನ್ನೆರಡು ಕಳೆಯಿತು. ಹದಿಮೂರು ಕಳೆಯಿತು. ಅಷ್ಟು ದೂರ ಅವಳು ಹಿಂದೆಂದೂ ಬಂದಿರಲಿಲ್ಲ.

ಹದಿಮೂರನೆಯ ದಿನವೇ ಸಂಗವ್ವ ಮೊಣಕಾಲಿನ ಎಣ್ಣೆಗೆಂದು ಹೊಳೆ ದಾಟಿ ಬಂದಿದ್ದಳು. ಅಂಗಳದಲ್ಲಿ ಕಾಲಿಟ್ಟವಳೇ ಮೂಗು ಅರಳಿಸಿದಳು. ಎಣ್ಣೆಯನ್ನೂ ಕೇಳದೆ ಹಿಂದಿರುಗಿ ಹೋದಳು.

ಮರುದಿನ ಶಿವರಾತ್ರಿ. ದೋಣಿಯ ತುಂಬ ಹೆಂಗಸರು. ಎಲ್ಲರಿಗಿಂತ ಮುಂದೆ ಸಂಗವ್ವ, ಅವಳ ಹೆಗಲ ಮೇಲೆ ಒನಕೆ. ಕಾಶವ್ವ ಕೊಟ್ಟಿದ್ದ ಅದೇ ಒನಕೆ.

"ಏ ಕಾಶವ್ವಾ!" ಸಂಗವ್ವನ ದನಿ ಆಶ್ರಮದ ಆಚೆಗೂ ಕೇಳಿತು. "ನಮ್ಮ ಕೈಯಾಗ ಒನಕಿ ಕೊಟ್ಟಾಕಿ ನೀನು. ಈಗ ನೀನ ಹೆಂಡ ಕಾಯಾಕ ಕೂತೀಯೇನ? ಅದೂ ಶಿವರಾತ್ರಿ ದಿನ, ಅಜ್ಜಾರ ಅಂಗಳದಾಗ!"

ಅಜ್ಜ ಬೇವಿನ ಮರದ ಬುಡದಲ್ಲಿ ಕೂತು ದೀಪದ ಸಮೆ ತಿಕ್ಕುತ್ತಿದ್ದ. ಹೆಂಗಸರು ಅವನ ಕಡೆ ತಿರುಗಿದರು.

"ನೀವರ ಹೇಳ್ರಿ ಅಜ್ಜಾರ, ಏನ ಐತಿ ಈ ಗಡಿಗ್ಯಾಗ?"

"ಗಡಿಗಿ ನನ್ನದಲ್ಲವ್ವ. ಅಕಿನ್ನ ಕೇಳ್ರಿ," ಅಂದು ಅಜ್ಜ ಮತ್ತೆ ತಿಕ್ಕತೊಡಗಿದ.

ಕಾಶವ್ವ ಎದ್ದು ನಿಂತಳು. ಏನು ಹೇಳಬೇಕು? ಸಿರ್ಕಾ ಅನ್ನಲೇ? ಅದು ಇನ್ನೂ ಸಿರ್ಕಾ ಅಲ್ಲ. ಔಷಧಿ ಅನ್ನಲೇ? ಅದೂ ಅಲ್ಲ.

"ಹೌದು," ಅಂದಳು. "ಇವತ್ತ ಇದು ಹೆಂಡಾನ ಐತಿ."

ಹೆಂಗಸರು ಹೋ ಎಂದರು. ಸಂಗವ್ವ ಒನಕೆ ಎತ್ತಿದಳು.

ಕಾಶವ್ವ ಗಡಿಗೆಗೂ ಒನಕೆಗೂ ನಡುವೆ ಬಂದು ನಿಂತಳು.

"ಸಂಗವ್ವಾ, ಹೊಡ್ಯಾದಿದ್ರ ಆಮ್ಯಾಲ ಹೊಡಿ. ಮದಲ ನನ್ನ ಮಾತ ಕೇಳು. ಕಬ್ಬಿನ ಹಾಲ ಇದ್ದಾಗ ಇದು ಸವಿ ಇತ್ತು. ಮುಂದ ಹುಳಿ ಆಗತೈತಿ, ನಾಕ ಮಂದಿಗೆ ಬೇಕಾಗತೈತಿ. ನಡುವ ಹೆಂಡದ ಹೊಳಿ ಐತಿ. ಅದನ್ನ ದಾಟದ ಆಚಿ ದಂಡಿ ಸಿಗಂಗಿಲ್ಲ. ನಾ ಎರಡ ಸಲ ನಡುವ ದೋಣಿ ಮುಳುಗಿಸೀನಿ. ಇದು ಮೂರನೇದು."

ಹೇಳುತ್ತ ಹೇಳುತ್ತ ಅವಳಿಗೇ ಅಜ್ಜನ ಒಗಟು ಬಿಚ್ಚಿಕೊಂಡಿತು.

"ನನ್ನ ಗಂಡ ನಡು ಹೊಳ್ಯಾಗ ಇಳದಾವ, ಸಂಗವ್ವ. ಅಲ್ಲೇ ಉಳದ. ಇದನ್ನ ಅಲ್ಲಿ ಉಳಸಂಗಿಲ್ಲ ನಾ. ಆಚಿ ದಂಡಿ ಮುಟ್ಟಸ್ತೀನಿ."

ಸಂಗವ್ವ ಒನಕೆ ಇಳಿಸಲೂ ಇಲ್ಲ, ಬೀಸಲೂ ಇಲ್ಲ.

"ಎಂದಿಗೆ ಮುಟ್ಟತೈತಿ ನಿನ್ನ ದೋಣಿ?"

"ಯುಗಾದಿಗೆ ಬಾ. ಅವತ್ತೂ ಇದೇ ವಾಸನಿ ಇದ್ರ ನಾನ ಒಡೀತೀನಿ. ಒಲಿ, ಪೆಟಗಿ ಎಲ್ಲಾ ಬಿಟ್ಟು ನಿನ್ನ ಜೋಡಿ ಊರಿಗೆ ಬರ್ತೀನಿ."

"ಬರ್ತೀನಿ ನಾ," ಅಂದಳು ಸಂಗವ್ವ. "ಒನಕಿ ತಗೊಂಡ ಬರ್ತೀನಿ."

ದೋಣಿ ಹೋಯಿತು. ಕಾಶವ್ವ ಗೋಣಿಯ ಮೇಲೆ ಕುಸಿದು ಕೂತಳು. ಅಜ್ಜ ತಿಕ್ಕಿದ ಸಮೆಯನ್ನು ತಂದು ಅವಳ ಪಕ್ಕ ಇಟ್ಟು, ಎಣ್ಣೆ ಹಾಕಿ, ಬತ್ತಿ ಹಚ್ಚಿ ಹೋದ.

ಹೋಳಿ ಹುಣ್ಣಿಮೆ ಕಳೆಯಿತು. ಬಿಸಿಲು ಏರಿತು. ಹೆಂಡದ ಘಾಟು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಒಂದು ದಿನ ಅರಿವೆ ಸರಿಸಿದರೆ ಮೇಲೆ ಬಿಳಿಯ ಪೊರೆ ಕಟ್ಟಿತ್ತು, ಕಾಸಿದ ಹಾಲಿನ ಕೆನೆಯಷ್ಟು ದಪ್ಪ. ಕಾಶವ್ವ ಬೂಸ್ಟು ಎಂದು ಹೆದರಿ ಅಜ್ಜನನ್ನು ಕರೆದಳು.

ಅಜ್ಜ ಬಗ್ಗಿ ನೋಡಿದ. ಎರಡೂ ಕೈ ಜೋಡಿಸಿ ಗಡಿಗೆಗೆ ನಮಸ್ಕಾರ ಮಾಡಿದ.

"ಯಾಕ್ರಿ ಅಜ್ಜಾರ?"

"ತಾಯಿ ಬಂದಾಳ," ಅಂದ. "ಇದನ್ನ ಹುಳಿ ಮಾಡಾಕಿ ಇಕಿನ. ಮುಟ್ಟಬ್ಯಾಡ. ಅರಿಬಿ ಕಟ್ಟು."

ಅಂದಿನಿಂದ ಯುಗಾದಿಯವರೆಗೆ ಕಾಶವ್ವ ಅರಿವೆ ಬಿಚ್ಚಲಿಲ್ಲ. ರುಚಿ ನೋಡುವ ಧೈರ್ಯವೂ ಅವಳಿಗಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಯುಗಾದಿಯ ಬೆಳಗ್ಗೆ ಎರಡು ದೋಣಿ ಬಂದವು. ಶಿವರಾತ್ರಿಗಿಂತ ಇಮ್ಮಡಿ ಜನ. ಹೊಸ ಸೀರೆ ಉಟ್ಟಿದ್ದರು, ತಲೆಗೆ ಎಣ್ಣೆ ಹಾಕಿ ಎರೆದುಕೊಂಡಿದ್ದರು, ಆದರೆ ಯಾರ ಮುಖದಲ್ಲೂ ಹಬ್ಬ ಇರಲಿಲ್ಲ. ಸಂಗವ್ವನ ಹೆಗಲಲ್ಲಿ ಒನಕೆ ಇತ್ತು.

ಕಾಶವ್ವ ಮಾತಿಲ್ಲದೆ ಅರಿವೆಯ ಗಂಟು ಬಿಚ್ಚಿದಳು. ಕೆನೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಂದು ಚಮಚ ತೆಗೆದು, ತಂಬಿಗೆಯ ನೀರಿಗೆ ಬೆರೆಸಿ, ಸಂಗವ್ವನ ಕೈಗಿತ್ತಳು.

ಸಂಗವ್ವ ಮೂಸಿದಳು. ಹುಬ್ಬು ಗಂಟಿಕ್ಕಿದಳು. ಮತ್ತೆ ಮೂಸಿದಳು. ಒಂದು ಗುಟುಕು ಕುಡಿದಳು.

ಕಣ್ಣು ಮುಚ್ಚಿತು. ಮೂಗು ಮುದುಡಿತು. ಗಲ್ಲ ಒಳಗೆ ಹೋಯಿತು. ನಾಲಿಗೆ ಲೊಟ್ಟೆ ಹೊಡೆಯಿತು.

"ಅಯ್ಯ ನನ್ನ ಶಿವನ!" ಎಂದು ಕೂಗಿದಳು. "ಹುಳಿ! ಹುಳೀ ಆಗೈತ್ರೆವಾ! ಹುಣಸಿಕಾಯಿ ತಿಂದ್ಹಂಗ ಆತು!"

ಅಂಗಳ ಗೊಳ್ಳೆಂದು ನಕ್ಕಿತು. ಒಬ್ಬೊಬ್ಬರಾಗಿ ತಂಬಿಗೆಗೆ ಕೈ ಚಾಚಿದರು, ಒಬ್ಬೊಬ್ಬರಾಗಿ ಮುಖ ಕಿವುಚಿದರು, ಒಬ್ಬರ ಮುಖ ನೋಡಿ ಇನ್ನೊಬ್ಬರು ನಕ್ಕರು. ಕಾಶವ್ವ ಕೊನೆಗೆ ತಾನೂ ಒಂದು ಗುಟುಕು ಕುಡಿದಳು. ಹೆಂಡದ ಎಳೆಯಷ್ಟೂ ಉಳಿದಿರಲಿಲ್ಲ. ಹುಳಿಯ ಹಿಂದೆ ಎಲ್ಲೋ ಕಬ್ಬಿನ ಸಣ್ಣ ನೆನಪು, ಅಷ್ಟೇ. ಅವಳು ನಗುತ್ತಲೇ ಅತ್ತಳು. ಇಷ್ಟು ಸುಖ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಗೆದ್ದೆವ್ವ ನನ ಗೆಳತಿ," ಎಂದು ಸಂಗವ್ವ ಅವಳನ್ನು ಎದೆಗೆ ಅವುಚಿಕೊಂಡಳು. "ಇನ್ನ ಈ ಒನಕಿ ಏನ ಮಾಡಾಣು?"

"ಮೆಣಸಿನಕಾಯಿ ಕುಟ್ಟು. ಉಳ್ಳಾಗಡ್ಡಿ ನೆನಸಬೇಕು."

ಹಬ್ಬ ಆಗ ಶುರುವಾಯಿತು. ಬೇವು-ಬೆಲ್ಲ ಹಂಚಿದರು. ಒಬ್ಬಳು ರೊಟ್ಟಿ ಬಡಿದಳು, ಇಬ್ಬರು ಉಳ್ಳಾಗಡ್ಡಿ ಹೆಚ್ಚಿದರು. ಸಂಗವ್ವ ಒರಳಿಗೆ ಕೆಂಪು ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ ಹಾಕಿ ಒನಕೆಯಿಂದ ಕುಟ್ಟಿದಳು. ಅದರ ಮೇಲೆ ಹೊಸ ಸಿರ್ಕಾ ಸುರಿದಾಗ ಎದ್ದ ಪರಿಮಳಕ್ಕೆ ಅಂಬಿಗರು ದೋಣಿ ಕಟ್ಟಿ ಮೇಲೆ ಬಂದರು. ಉಂಡವರು ತಾಂಬ್ರದ ಕೊಡಗಳನ್ನು ಸಿರ್ಕಾ-ಉಪ್ಪಿನಲ್ಲಿ ತಿಕ್ಕಿ ಬಿಸಿಲಿಗಿಟ್ಟರು. ಅಂಗಳ ಬೆಳಗಿತು. ಕಾಶವ್ವ ಮಾತ್ರ ಪ್ರತಿಯೊಬ್ಬರ ಹಿಂದೆ ಹಿಂದೆ ಓಡಾಡಿ ಹೇಳುತ್ತಿದ್ದಳು: "ನೀರ ಕೂಡಿಸಿ ಕುಡೀರಿ. ಹಂಗ ಕುಡದ್ರ ಹಲ್ಲ ಹೋಗತಾವ. ಅಜ್ಜಾರ ಬಾಯಿ ನೋಡ್ರಿ ಬೇಕಾದ್ರ!"

ದೋಣಿ ಹೊರಡುವಾಗ ಸಂಗವ್ವ ಒನಕೆಯನ್ನು ಆಶ್ರಮದ ಗೋಡೆಗೆ ಒರಗಿಸಿ ಹೋದಳು.

ಕಾಶವ್ವ ಒಲೆಯ ಮುಂದೆ ಕೂತಳು. ಅದೀಗ ಅವಳ ಒಲೆ. ಗಡಿಗೆಯಲ್ಲಿ ಇನ್ನೂ ಮುಕ್ಕಾಲು ಸಿರ್ಕಾ ಇತ್ತು, ಮೇಲೆ ಕೆನೆ ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತಿತ್ತು. ಅವಳ ಮನಸ್ಸಿನಲ್ಲಿ ಒಂದು ಮಾತು ಉಳಿದಿತ್ತು. ಹೊರಗೆ ಹೆಜ್ಜೆ ಸದ್ದಾದಾಗ, ತಿರುಗದೆಯೇ ಕೇಳಿದಳು.

"ಅಜ್ಜಾರ, ಮದಲ ಸಲ ಚೆಲ್ಲಿದಾಗನ ಒಂದ ಮಾತ ಹೇಳಬೌದಿತ್ತಲ್ರಿ, ಇದು ನಡು ಹೊಳಿ ಅಂತ. ಎರಡನೇ ಗಡಿಗಿ ಉಳೀತಿತ್ತು."

"ಹೇಳಿದ್ರ ನನ್ನ ಮಾತಿಗೆ ಕಾಯ್ತಿದ್ದಿ. ಸಂಗವ್ವ ಒನಕಿ ಎತ್ತಿದಾಗ ನನ್ನ ಕಡೆ ನೋಡ್ತಿದ್ದಿ."

"ಕೊನೇ ಬಟ್ಟಲಾನೂ ನಾ ಹೊಳಿಗೆ ಸುರದಿದ್ರ? ನಿಮಗ ಹೆದರಿಕಿ ಆಗಲಿಲ್ಲೇನ್ರಿ?"

"ಆತು. ಕಣ್ಣ ಮುಚ್ಚಿ ಕೂತಿದ್ನಿ."

ಕಾಶವ್ವ ನಗುತ್ತ ತಿರುಗಿ ನೋಡಿದಳು. ಅಜ್ಜ ಒಳಗೆ ಬಂದಿರಲಿಲ್ಲ. ಹೊಸ್ತಿಲ ಹೊರಗೇ ನಿಂತಿದ್ದ. ತೊಳೆದ ಕಪ್ಪು ಭರಣಿ ಅವನ ಕಾಲ ಬಳಿ ಇತ್ತು. ಎರಡು ಕೈಯಲ್ಲಿ ಖಾಲಿ ಬಟ್ಟಲು ಹಿಡಿದಿದ್ದ.

ಅವಳು ಗಾಬರಿಯಾಗಿ ಎದ್ದಳು. "ಅಜ್ಜಾರ, ಇದೇನ್ರಿ! ಒಳಗ ಬರ್ರಿ, ನಿಮ್ಮ ಮನಿ ಇದು!"

ಅಜ್ಜ ಅಲ್ಲಾಡಲಿಲ್ಲ. ಬಟ್ಟಲು ಇನ್ನಷ್ಟು ಮುಂದೆ ಚಾಚಿದ.

"ಒಂದು ಬಟ್ಟಲ ಹೆಪ್ಪು ನೀಡ್ರಿ, ಅವ್ವಾರ."